ಟವರ್ ಅದೇ, ಹಾಡು ಬೇರೆ: ಸಣ್ಣ ಊರಿನ ಎಎಂ ರೇಡಿಯೋ ಯಾಕೆ ಕೈ ಬದಲಾಯಿಸುತ್ತಲೇ ಇರುತ್ತೆ?

ಪ್ರಶ್ನೆ: ಸರ್, ನಾನು ಅಮೆರಿಕದ ಕಾನ್ಸಾಸ್ ರಾಜ್ಯದ ಒಂದು ಸಣ್ಣ ಊರಿಗೆ ಕೆಲಸಕ್ಕೆ ಬಂದು ನಾಲ್ಕು ವರ್ಷ ಆಯಿತು. ದಿನಾ 40 ಮೈಲಿ ಡ್ರೈವ್, ಕಾರಿನಲ್ಲಿ ಊರಿನ ಎಎಂ ರೇಡಿಯೋ. ಬಂದ ಹೊಸದರಲ್ಲಿ ಹಳೇ ಕಂಟ್ರಿ ಹಾಡು (ಇಲ್ಲಿನ ಹಳ್ಳಿ ಶೈಲಿಯದು), ಗೋಧಿ ರೇಟು, ಸ್ಕೂಲ್ ಹುಡುಗರ ಫುಟ್‌ಬಾಲ್ ಮ್ಯಾಚು ಬರುತ್ತಿತ್ತು. ಆಮೇಲೆ ದಿನವಿಡೀ ಸ್ಪೋರ್ಟ್ಸ್ ಹರಟೆ. ಈಗ ಆರು ತಿಂಗಳಿಂದ ಬರೀ ಚರ್ಚಿನ ಪ್ರವಚನ. ಮೂರು ಸಲ ಮಾರಾಟ ಆಗಿದೆ ಅನ್ನುತ್ತಾರೆ. ಸ್ಟುಡಿಯೋಗೆ ಬೀಗ, ಫೋನ್ ಎತ್ತೋರಿಲ್ಲ, ಕತ್ತಲಾದರೆ ಸರಿಯಾಗಿ ಕೇಳಿಸೋದೂ ಇಲ್ಲ. ಇದನ್ನ ಯಾರು ಕೊಳ್ಳುತ್ತಾರೆ, ಯಾಕೆ ಕೊಳ್ಳುತ್ತಾರೆ? ತಮಾಷೆಗೆ ಇನ್ನೊಂದು: ನಾವು ನಾಲ್ಕು ಜನ ಕನ್ನಡದವರು ದುಡ್ಡು ಹಾಕಿ ಇದನ್ನು ಕೊಂಡು ಕನ್ನಡ ಹಾಡು ಹಾಕಬಹುದಾ?

ಉತ್ತರ: ತಮಾಷೆ ಪ್ರಶ್ನೆಯೇ ಎಲ್ಲಕ್ಕಿಂತ ಚೆನ್ನಾಗಿದೆ. ಅದನ್ನು ಕೊನೆಗೆ ಇಟ್ಟುಕೊಳ್ಳೋಣ.

ನಾನು ಟ್ರಾನ್ಸ್‌ಮಿಟರ್ ಕಡೆಯವನು. ಮೈಕಿನ ಮುಂದೆ ಕೂತವನಲ್ಲ, ಮೈಕಿನಿಂದ ಬಂದದ್ದನ್ನು ಗಾಳಿಗೆ ಬಿಡುವ ಕೆಲಸದಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ಕಳೆದವನು. ನೀವು ಎಎಂ ಅನ್ನೋದನ್ನ ನಾವು ಮೀಡಿಯಂ ವೇವ್ ಅನ್ನುತ್ತಿದ್ದೆವು, ಎರಡೂ ಒಂದೇ. ಹಾಗಾಗಿ ನನ್ನ ಉತ್ತರದಲ್ಲಿ ಹಾಡಿಗಿಂತ ಜಮೀನು, ತಾಮ್ರದ ತಂತಿ, ಲೈಸೆನ್ಸು ಜಾಸ್ತಿ ಬರುತ್ತೆ. ನಿಮ್ಮ ಪ್ರಶ್ನೆಗೆ ಉತ್ತರ ಇರೋದೂ ಅಲ್ಲೇ.

ಒಂದು ರೇಡಿಯೋ ಕೇಂದ್ರ ಮಾರಿದರು ಅಂದರೆ ಮಾರಿದ್ದೇನು? ಮುಖ್ಯವಾಗಿ ಲೈಸೆನ್ಸು. ಇಂಥ ಊರಿಗೆ, ಇಷ್ಟು ಕಿಲೋಹರ್ಟ್ಸ್‌ನಲ್ಲಿ, ಹಗಲು ಇಷ್ಟು ವ್ಯಾಟ್, ರಾತ್ರಿ ಇಷ್ಟು ವ್ಯಾಟ್ ಅಂತ ಎಫ್‌ಸಿಸಿ, ಅಂದರೆ ರೇಡಿಯೋ ಪ್ರಸಾರವನ್ನು ನಿಯಂತ್ರಿಸುವ ಅಮೆರಿಕದ ಸರ್ಕಾರಿ ಸಂಸ್ಥೆ, ಕೊಟ್ಟ ಅನುಮತಿ. ಆಮೇಲೆ ಟವರು, ಟ್ರಾನ್ಸ್‌ಮಿಟರ್ ಮತ್ತು ಕೆಲವು ಸಲ ಅದರ ಕೆಳಗಿನ ನೆಲ. ಹಾಡು ಕ್ರಯಪತ್ರದಲ್ಲಿ ಇರೋದಿಲ್ಲ. ಕೇಳುಗರೂ ಇರೋದಿಲ್ಲ. ನಮ್ಮ ಊರಿನ ಬಸ್ ಸ್ಟ್ಯಾಂಡ್ ಎದುರಿನ ಮಳಿಗೆ ಇದೆಯಲ್ಲ, ನಿನ್ನೆ ಬೇಕರಿ, ಇವತ್ತು ಮೊಬೈಲ್ ಅಂಗಡಿ, ನಾಳೆ ಮೆಡಿಕಲ್ ಶಾಪು, ಹಾಗೇ ಇದು. ಶೆಟರ್ ಅದೇ, ಒಳಗಿನ ಸಾಮಾನು ಬೇರೆ. ಯಾವ ಹಾಡು ಹಾಕಬೇಕು, ಯಾವ ಭಾಷೆಯಲ್ಲಿ ಮಾತಾಡಬೇಕು ಅನ್ನೋದಕ್ಕೆ ಎಫ್‌ಸಿಸಿ ತಲೆ ಹಾಕೋದಿಲ್ಲ. ಹೊಸ ಮಾಲೀಕ ಬೆಳಿಗ್ಗೆ ಎದ್ದು ಕಂಟ್ರಿ ಸಾಕು, ಪ್ರವಚನ ಹಾಕು ಅಂದರೆ ಮುಗಿಯಿತು, ಯಾರನ್ನೂ ಕೇಳಬೇಕಾಗಿಲ್ಲ.

ಕಾನ್ಸಾಸ್‌ನಲ್ಲಿ ಇದ್ದೀರಿ ಅಂದಮೇಲೆ ನಿಮ್ಮ ರಾಜ್ಯದ್ದೇ ಒಂದು ಕತೆ ಹೇಳದೆ ಬಿಡೋಕೆ ಮನಸ್ಸಿಲ್ಲ. ಸಣ್ಣ ಊರಿನ ರೇಡಿಯೋ ಯಾರ ಯಾರ ಕೈಗೆ ಹೋಗಬಹುದು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ.

ಮಿಲ್‌ಫರ್ಡ್ ಅಂತ ಒಂದು ಊರು. ಆಗ ಅಲ್ಲಿ ಇನ್ನೂರು ಚಿಲ್ಲರೆ ಜನ. 1917ರಲ್ಲಿ ಜಾನ್ ಬ್ರಿಂಕ್ಲಿ ಅನ್ನೋ ಡಾಕ್ಟರ್ ಬಂದು ಅಲ್ಲಿ ಬೋರ್ಡು ಹಾಕಿದ. ಡಾಕ್ಟರ್ ಅನ್ನೋದನ್ನ ಪೂರ್ತಿ ನಂಬೋ ಹಾಗಿಲ್ಲ, ಓದಿದ ಕಾಲೇಜುಗಳಿಗೆ ಮರ್ಯಾದೆ ಅಷ್ಟಕ್ಕಷ್ಟೇ. ಗಂಡಸುತನ ಕುಗ್ಗಿದೆ ಅಂತ ಬಂದವರಿಗೆ ಹೋತದ ವೃಷಣದ ತುಂಡು ಹೊಲಿದು ಕೂರಿಸುವುದು ಅವನ ಚಿಕಿತ್ಸೆ. ಒಂದು ಆಪರೇಷನ್ನಿಗೆ 750 ಡಾಲರ್, ಆ ಕಾಲದಲ್ಲಿ! ಅದರಿಂದ ಯಾರಿಗೂ ಏನೂ ಉಪಯೋಗ ಆಗುವ ಹಾಗಿರಲಿಲ್ಲ, ಆದರೂ ರೈಲಿನಲ್ಲಿ ಬಂದು ಇಳಿಯುತ್ತಿದ್ದರು. 1923ರಲ್ಲಿ ಅವನು ಆ ಕೊಂಪೆಯಲ್ಲೇ ಒಂದು ರೇಡಿಯೋ ಕೇಂದ್ರ ತೆಗೆದ. ಹೆಸರು ಕೆಎಫ್‌ಕೆಬಿ. ಪಿಟೀಲು ವಾದನ, ಹಳ್ಳಿ ಹಾಡು, ಪ್ರವಚನ, ಬೆಳೆ ರೇಟು, ಇವುಗಳ ನಡುನಡುವೆ ಡಾಕ್ಟರ ಉಪನ್ಯಾಸ. ಆ ಕಾಲಕ್ಕೆ ಅದೇ ಫಾರ್ಮ್ಯಾಟು, ಅಂದರೆ ಕೇಂದ್ರ ಏನೇನು ಹಾಕುತ್ತೆ ಅನ್ನೋ ಅಚ್ಚು.

ಜನಕ್ಕೆ ಹುಚ್ಚು ಹಿಡಿಸಿದ್ದು ಅವನ ಕಾಗದದ ಕಾರ್ಯಕ್ರಮ. ಕೇಳುಗರು ತಮ್ಮ ಕಾಯಿಲೆ ಬರೆದು ಕಳಿಸುತ್ತಿದ್ದರು, ಅವನು ಮೈಕಿನಲ್ಲೇ ಕಾಗದ ಓದಿ, ಮುಖ ನೋಡದೆ, ನಾಡಿ ಹಿಡಿಯದೆ, ಇಂಥ ನಂಬರಿನ ಔಷಧಿ ತಗೊಳ್ಳಿ ಅನ್ನುತ್ತಿದ್ದ. ಔಷಧಿಗೆ ಹೆಸರಿಲ್ಲ, ನಂಬರು ಮಾತ್ರ. ಆ ನಂಬರು ಏನು ಅಂತ ಗೊತ್ತಿರೋದು ಅವನ ಜೊತೆ ಸೇರಿಕೊಂಡ ಔಷಧಿ ಅಂಗಡಿಯವರಿಗೆ. ಅವರು ಜಾಸ್ತಿ ದುಡ್ಡಿಗೆ ಮಾರಿ ಅದರಲ್ಲಿ ಒಂದು ಪಾಲು ಅವನಿಗೆ ಕಳಿಸುತ್ತಿದ್ದರು. ಇಷ್ಟೆಲ್ಲ ನಡೆಯುತ್ತಿರುವಾಗ ಒಂದು ರೇಡಿಯೋ ಪತ್ರಿಕೆ ಓದುಗರ ಮತ ಹಾಕಿಸಿತು. ಇಡೀ ಅಮೆರಿಕದಲ್ಲಿ ಎಲ್ಲರಿಗಿಂತ ಜನಪ್ರಿಯ ಕೇಂದ್ರ ಅಂತ ಆರಿಸಿ ಬಂದದ್ದು ಈ ಇನ್ನೂರು ಜನರ ಊರಿನದು!

1930ರಲ್ಲಿ ಅವನ ಗ್ರಹಚಾರ ಕೆಟ್ಟಿತು. ಆಗ ಎಫ್‌ಸಿಸಿ ಹುಟ್ಟಿರಲಿಲ್ಲ, ಫೆಡರಲ್ ರೇಡಿಯೋ ಕಮಿಷನ್ ಅಂತ ಇತ್ತು. ಈ ಕೇಂದ್ರ ಸಾರ್ವಜನಿಕರಿಗಾಗಿ ನಡೀತಿಲ್ಲ, ಡಾಕ್ಟರ ಜೇಬಿಗಾಗಿ ನಡೀತಿದೆ ಅಂತ ಲೈಸೆನ್ಸ್ ನವೀಕರಿಸೋಕೆ ಒಪ್ಪಲಿಲ್ಲ. ಅದೇ ವರ್ಷ ವೈದ್ಯಕೀಯ ಲೈಸೆನ್ಸೂ ಹೋಯಿತು. ಅವನು ಕೋರ್ಟಿಗೆ ಹೋದ, 1931ರಲ್ಲಿ ಕೋರ್ಟೂ ಕಮಿಷನ್ ಮಾಡಿದ್ದು ಸರಿ ಅಂದಿತು. ರೇಡಿಯೋದಲ್ಲಿ ಏನು ಹೇಳುತ್ತೀರಿ ಅನ್ನೋದನ್ನ ಲೈಸೆನ್ಸ್ ಕೊಡೋವಾಗ ನೋಡಬಹುದಾ ಅಂತ ಇವತ್ತಿಗೂ ಅಮೆರಿಕದಲ್ಲಿ ಚರ್ಚೆ ಬಂದರೆ ಈ ಕೇಸನ್ನು ಎತ್ತುತ್ತಾರೆ. ಈ ಮಧ್ಯೆ ಆಸಾಮಿ ಗವರ್ನರ್ ಚುನಾವಣೆಗೂ ನಿಂತ. ಬ್ಯಾಲೆಟ್‌ನಲ್ಲಿ ಹೆಸರೇ ಇರಲಿಲ್ಲ, ಮತದಾರರೇ ಹೆಸರು ಬರೆಯಬೇಕಿತ್ತು, ಹಾಗಿದ್ದೂ 1,83,000ಕ್ಕಿಂತ ಜಾಸ್ತಿ ಮತ ತಗೊಂಡು ಸೋತ. ಮೈಕಿನ ಶಕ್ತಿ ನೋಡಿ.

ಆಮೇಲೆ ಕೇಂದ್ರವನ್ನು ಮಾರಿದ. ಕೊಂಡದ್ದು ವಿಚಿಟಾದ ಒಂದು ವಿಮೆ ಕಂಪನಿ, ಫಾರ್ಮರ್ಸ್ ಅಂಡ್ ಬ್ಯಾಂಕರ್ಸ್. ಅವರು ತಮ್ಮ ಹೆಸರಿನ ಅಕ್ಷರ ಬರುವ ಹಾಗೆ ಅದಕ್ಕೆ ಕೆಎಫ್‌ಬಿಐ ಅಂತ ನಾಮಕರಣ ಮಾಡಿದರು. ಕೇಂದ್ರ ಮಿಲ್‌ಫರ್ಡ್ ಬಿಟ್ಟು ಅಬಿಲೀನ್‌ಗೆ ಹೋಯಿತು, 1940ರಲ್ಲಿ ವಿಚಿಟಾ ಸೇರಿತು. 1960ರ ದಶಕದಲ್ಲಿ ಮತ್ತೆ ಹೆಸರು ಬದಲಾಗಿ ಕೆಎಫ್‌ಡಿಐ ಆಯಿತು, ಕಂಟ್ರಿ ಸಂಗೀತಕ್ಕೆ ದೊಡ್ಡ ಹೆಸರು ಮಾಡಿತು. ಅದರ ವಂಶದ ಲೈಸೆನ್ಸು ಇವತ್ತೂ ವಿಚಿಟಾದಲ್ಲಿ 1070 ಕಿಲೋಹರ್ಟ್ಸ್‌ನಲ್ಲಿದೆ. ಹೋತದ ಡಾಕ್ಟರಿಂದ ವಿಮೆ ಕಂಪನಿಗೆ, ಅಲ್ಲಿಂದ ಕಂಟ್ರಿ ಹಾಡಿಗೆ. ನಿಮ್ಮ ಊರಿನ ಕೇಂದ್ರ ನಾಲ್ಕು ವರ್ಷದಲ್ಲಿ ಮಾಡಿದ್ದನ್ನು ಇದು ನಾಲ್ಕು ದಶಕದಲ್ಲಿ ಮಾಡಿತು, ಅಷ್ಟೇ ವ್ಯತ್ಯಾಸ.

ಬ್ರಿಂಕ್ಲಿ ಸುಮ್ನೆ ಕೂರಲಿಲ್ಲ ಅನ್ನೋದು ಬೇರೆ ವಿಷಯ. ಗಡಿಯ ಆಚೆ ಮೆಕ್ಸಿಕೋದ ವಿಲ್ಲಾ ಅಕುನಾದಲ್ಲಿ 1931ರಲ್ಲಿ ಇನ್ನೊಂದು ಕೇಂದ್ರ ತೆಗೆದು, ಮುಂದೆ ಅದನ್ನು 500 ಕಿಲೋವ್ಯಾಟಿಗೆ ಏರಿಸಿದ. ನಾನು ಬದುಕಿಡೀ ದೊಡ್ಡ ಟ್ರಾನ್ಸ್‌ಮಿಟರ್ ಅಂದುಕೊಂಡಿದ್ದು ನಮ್ಮ ಬೆಂಗಳೂರಿನ 612 ಕಿಲೋಹರ್ಟ್ಸ್‌ನ 200 ಕಿಲೋವ್ಯಾಟು. ಅವನನ್ನು ತಡೆಯೋಕೆ ಅಂತಲೇ ಅಮೆರಿಕ ಒಂದು ಕಾನೂನು ಮಾಡಬೇಕಾಯಿತು.

ಕೆಎಫ್‌ಕೆಬಿ, ಕೆಎಫ್‌ಬಿಐ ಅಂತ ಕರೆಯಕ್ಷರದ, ಅಂದರೆ ಕೇಂದ್ರದ ಅಧಿಕೃತ ಹೆಸರಿನ, ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಮಿಸಿಸಿಪ್ಪಿ ನದಿಯ ಪಶ್ಚಿಮಕ್ಕಿದ್ದರೆ ಹೆಸರು ‘ಕೆ’ಯಿಂದ, ಪೂರ್ವಕ್ಕಿದ್ದರೆ ‘ಡಬ್ಲ್ಯು’ನಿಂದ ಶುರು, ಕೆಲವು ಹಳೇ ಕೇಂದ್ರ ಬಿಟ್ಟರೆ. ಆ ಅಕ್ಷರಗಳಲ್ಲಿ ಹಳೇ ಮಾಲೀಕರು ಅಡಗಿರುತ್ತಾರೆ. ಶಿಕಾಗೋದ ಡಬ್ಲ್ಯುಎಲ್‌ಎಸ್ ಅಂದರೆ ‘ವರ್ಲ್ಡ್ಸ್ ಲಾರ್ಜೆಸ್ಟ್ ಸ್ಟೋರ್’, ಸಿಯರ್ಸ್ ಅಂಗಡಿಯವರು ತೆಗೆದದ್ದು. ಅಲ್ಲಿಯದೇ ಡಬ್ಲ್ಯುಜಿಎನ್ ‘ವರ್ಲ್ಡ್ಸ್ ಗ್ರೇಟೆಸ್ಟ್ ನ್ಯೂಸ್‌ಪೇಪರ್’, ಟ್ರಿಬ್ಯೂನ್ ಪತ್ರಿಕೆಯದ್ದು. ನಿಮ್ಮ ಊರಿನ ಕೇಂದ್ರದ ಅಕ್ಷರಗಳನ್ನೂ ಊರಿನ ವಯಸ್ಸಾದವರ ಹತ್ತಿರ ಕೇಳಿ ನೋಡಿ, ಯಾರದ್ದೋ ಇನಿಷಿಯಲ್ ಇದ್ದರೂ ಇರಬಹುದು.

ಇದೆಲ್ಲ ಅಮೆರಿಕದವರ ಚಟ, ನಮ್ಮಲ್ಲಿ ಇಲ್ಲ ಅಂದುಕೊಳ್ಳಬೇಡಿ. ನಮ್ಮ ಮೈಸೂರಿನ ಆಕಾಶವಾಣಿ ಶುರುವಾದದ್ದು ಸರ್ಕಾರದ ಕಚೇರಿಯಲ್ಲಲ್ಲ, ಒಬ್ಬ ಮೇಷ್ಟ್ರ ಮನೆಯಲ್ಲಿ. ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆ ವಿಠ್ಠಲ ವಿಹಾರದಲ್ಲಿ ಒಂದು ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರು ಮಾಡಿದರು. ಅದರ ಶಕ್ತಿ ಒಂದು ಮನೆಯ ಬಲ್ಬಿನಷ್ಟು. ಕೈಯಿಂದ ದುಡ್ಡು ಹಾಕಿ ನಡೆಸಿದರು. 1942ರಲ್ಲಿ ಅದು ಮೈಸೂರು ಸಂಸ್ಥಾನದ ಸರ್ಕಾರಕ್ಕೆ ಹೋಯಿತು, 1950ರಲ್ಲಿ ಆಲ್ ಇಂಡಿಯಾ ರೇಡಿಯೋಗೆ. 1955ರಲ್ಲಿ ಕೇಂದ್ರವೇ ಬೆಂಗಳೂರಿಗೆ ಎದ್ದು ಹೋಯಿತು. ಮೈಸೂರಿಗೆ ಮತ್ತೆ ತನ್ನದೇ ಕೇಂದ್ರ ಬಂದದ್ದು 1974ರಲ್ಲಿ. ಆ ಮನೆಯಲ್ಲಿ ಹುಟ್ಟಿದ ‘ಆಕಾಶವಾಣಿ’ ಅನ್ನೋ ಹೆಸರನ್ನೇ ಮುಂದೆ ಇಡೀ ದೇಶದ ರೇಡಿಯೋ ಇಟ್ಟುಕೊಂಡಿತು. ಮೇಷ್ಟ್ರು, ಮಹಾರಾಜರು, ದೆಹಲಿ, ಇಷ್ಟು ಕೈ ದಾಟಿತು ನೋಡಿ. ಆದರೆ ಅಲ್ಲಿ ಲೈಸೆನ್ಸು ಮಾರಾಟದ ಸರಕು ಆಗಲಿಲ್ಲ. ನಮ್ಮಲ್ಲಿ 2001ರಿಂದ ಖಾಸಗಿಯವರಿಗೆ ಎಫ್‌ಎಂ ಸಿಕ್ಕಿತು, ಮೀಡಿಯಂ ವೇವ್ ಮಾತ್ರ ಇವತ್ತಿಗೂ ಸರ್ಕಾರಿ ಸಂಸ್ಥೆಯ ಕೈಯಲ್ಲೇ ಇದೆ.

ಈಗ ಹಾಡಿನ ವಿಷಯ. ನಿಮ್ಮ ಕೇಂದ್ರದಲ್ಲಿ ಕಂಟ್ರಿ ಹೋಗಿ ಸ್ಪೋರ್ಟ್ಸ್, ಸ್ಪೋರ್ಟ್ಸ್ ಹೋಗಿ ಪ್ರವಚನ ಬಂತು ಅಂದಿರಿ. ಅದು ಲಾಟರಿ ಎತ್ತಿ ಆರಿಸಿದ್ದಲ್ಲ. ಅಮೆರಿಕದ ಸಾವಿರಾರು ಕೇಂದ್ರಗಳು ಇದೇ ಮೆಟ್ಟಿಲು ಇಳಿದಿವೆ.

1950ರ ದಶಕದಲ್ಲಿ ಟಿವಿ ಬಂದು ರೇಡಿಯೋ ನಾಟಕವನ್ನೆಲ್ಲ ಎತ್ತಿಕೊಂಡು ಹೋಯಿತು. ಉಳಿದದ್ದು ರೆಕಾರ್ಡು. ನಿಮ್ಮ ಪಕ್ಕದ ನೆಬ್ರಾಸ್ಕಾದ ಒಮಾಹದಲ್ಲಿ ಟಾಡ್ ಸ್ಟಾರ್ಜ್ ಅನ್ನೋ ಮಾಲೀಕ ಇದ್ದ. ಹೋಟೆಲಿನ ಜೂಕ್‌ಬಾಕ್ಸಿನಲ್ಲಿ, ಅಂದರೆ ಕಾಸು ಹಾಕಿದರೆ ಹಾಡುವ ಪೆಟ್ಟಿಗೆಯಲ್ಲಿ, ಜನ ಅದದೇ ಹಾಡನ್ನು ಮತ್ತೆ ಮತ್ತೆ ಹಾಕಿಸಿಕೊಳ್ಳುತ್ತಿದ್ದರು, ದಿನವಿಡೀ ಅದನ್ನೇ ಕೇಳಿ ಸಾಕಾಗಿರಬೇಕಾದ ಸಪ್ಲೈ ಹುಡುಗಿ ಅಂಗಡಿ ಮುಚ್ಚುವ ಹೊತ್ತಿಗೆ ತನ್ನ ಕಾಸು ಹಾಕಿ ಮತ್ತೆ ಅದೇ ಹಾಡು ಹಾಕಿಕೊಂಡಳು, ಅದನ್ನು ನೋಡಿ ಅವನಿಗೆ ಹೊಳೆಯಿತು ಅಂತ ಕತೆ. ಕತೆ ಎಷ್ಟು ನಿಜವೋ, ಕೆಲವೇ ಹಾಡನ್ನು ತಿರುಗಾಮುರುಗಾ ಹಾಕುವ ಪದ್ಧತಿಗೆ ಜೋರು ಕೊಟ್ಟವರಲ್ಲಿ ಅವನು ಒಬ್ಬ ಅನ್ನೋದಂತೂ ನಿಜ. ಅಲ್ಲಿಂದ ಕೇಂದ್ರ ಅಂದರೆ ಒಂದು ಫಾರ್ಮ್ಯಾಟು ಅನ್ನೋ ಲೆಕ್ಕ ಬಂತು. ಆಮೇಲೆ ಎಫ್‌ಎಂ. ಕಿವಿ ಇರೋ ಯಾರೂ ಸಂಗೀತಕ್ಕೆ ಎಎಂ ಆರಿಸೋದಿಲ್ಲ. 1970ರ ದಶಕ ಮುಗಿಯೋ ಹೊತ್ತಿಗೆ ಕೇಳುಗರಲ್ಲಿ ಅರ್ಧಕ್ಕಿಂತ ಜಾಸ್ತಿ ಎಫ್‌ಎಂಗೆ ಹೋಗಿಯಾಗಿತ್ತು. ಎಎಂಗೆ ಉಳಿದದ್ದು ಮಾತು. 1987ರಲ್ಲಿ ಎಫ್‌ಸಿಸಿ ಎರಡೂ ಕಡೆಯ ಅಭಿಪ್ರಾಯ ಕೊಡಬೇಕು ಅನ್ನೋ ಹಳೇ ನಿಯಮ ಕೈಬಿಟ್ಟಿತು, ಮರುವರ್ಷವೇ ರಶ್ ಲಿಂಬಾ ಅನ್ನೋ ಮಾತುಗಾರನ ಕಾರ್ಯಕ್ರಮ ದೇಶದ ತುಂಬ ಸ್ಯಾಟಲೈಟ್ ಮೂಲಕ ಹಂಚಿಕೆ ಆಯಿತು. ಸಣ್ಣ ಊರಿನ ಮಾಲೀಕನಿಗೆ ಇದು ವರದಾನ. ಮೂರು ಗಂಟೆ ಮಾತು ಮೇಲಿಂದ ಇಳಿಯುತ್ತೆ, ಅನೌನ್ಸರ್‌ಗೆ ಸಂಬಳ ಕೊಡಬೇಕಾಗಿಲ್ಲ.

ಅದು ವರದಾನವಾಗಿ ಬಂದು ಶಾಪವಾದದ್ದು 1996ರ ಟೆಲಿಕಮ್ಯುನಿಕೇಷನ್ಸ್ ಕಾಯ್ದೆ ಆದಮೇಲೆ. ಅಲ್ಲಿಯವರೆಗೆ ಒಬ್ಬ ಮಾಲೀಕ ದೇಶದಲ್ಲಿ ಇಂತಿಷ್ಟೇ ಕೇಂದ್ರ ಇಟ್ಟುಕೊಳ್ಳಬಹುದು ಅಂತ ಮಿತಿ ಇತ್ತು. ಆ ಕಾಯ್ದೆ ಅದನ್ನು ಕಿತ್ತು ಹಾಕಿತು. ಕೆಲವೇ ವರ್ಷದಲ್ಲಿ ಕ್ಲಿಯರ್ ಚಾನೆಲ್ ಅನ್ನೋ ಒಂದು ಕಂಪನಿಯ ಕೈಯಲ್ಲಿ 1,200ರಷ್ಟು ಕೇಂದ್ರ. ಇದರ ಪರಿಣಾಮಕ್ಕೆ ಎಲ್ಲರೂ ಹೇಳುವ ಉದಾಹರಣೆ ನಾರ್ತ್ ಡಕೋಟಾದ ಮೈನಾಟ್ ಊರಿನದು. 2002ರ ಜನವರಿ 18ರ ರಾತ್ರಿ ಊರ ಪಕ್ಕ ಗೂಡ್ಸ್ ರೈಲು ಹಳಿ ತಪ್ಪಿ ಅಮೋನಿಯಾ ಮೋಡ ಎದ್ದಿತು. ಒಬ್ಬರು ಸತ್ತರು, ನೂರಾರು ಜನರಿಗೆ ತೊಂದರೆ ಆಯಿತು. ತುರ್ತಿಗೆ ಗೊತ್ತು ಮಾಡಿದ್ದ ಎಎಂ ಕೇಂದ್ರಕ್ಕೆ ಪೊಲೀಸರು ಫೋನ್ ಮಾಡಿದರೆ ಎತ್ತಿದವರಿಲ್ಲ ಅನ್ನೋದು ಪೊಲೀಸರ ದೂರು. ನಮ್ಮವರು ಅಲ್ಲಿದ್ದರು, ಪೊಲೀಸರೇ ಎಚ್ಚರಿಕೆ ಯಂತ್ರವನ್ನು ಸರಿಯಾಗಿ ಬಳಸಲಿಲ್ಲ ಅಂತ ಕಂಪನಿ ಹೇಳಿತು. ಯಾರ ತಪ್ಪು ಎಷ್ಟು ಅಂತ ನಾನು ಇಲ್ಲಿ ಕೂತು ತೀರ್ಪು ಕೊಡಲಾರೆ. ಆದರೆ ಆ ಊರಿನ ಆರೂ ವಾಣಿಜ್ಯ ಕೇಂದ್ರಗಳು ಒಂದೇ ಕಂಪನಿಯವು ಅನ್ನೋದರಲ್ಲಿ ಜಗಳ ಇರಲಿಲ್ಲ. ರಾತ್ರಿ ಪಾಳಿಗೆ ಆರು ಕಡೆ ಆರು ಜನ ಇರುತ್ತಿದ್ದ ಕಾಲ ಆಗಲೇ ಮುಗಿದಿತ್ತು.

ನಿಮ್ಮ ಊರಿನ ಸ್ಟುಡಿಯೋಗೆ ಬೀಗ ಬಿದ್ದದ್ದಕ್ಕೂ ಒಂದು ತಾರೀಕು ಇದೆ. ಲೈಸೆನ್ಸ್ ಇರುವ ಊರಿನ ಆಸುಪಾಸಿನಲ್ಲಿ ಮುಖ್ಯ ಸ್ಟುಡಿಯೋ ಇರಲೇಬೇಕು, ಕೆಲಸದ ಹೊತ್ತಿನಲ್ಲಿ ಅಲ್ಲಿ ಜನ ಇರಬೇಕು ಅನ್ನೋ ನಿಯಮವನ್ನು ಎಫ್‌ಸಿಸಿ 2017ರಲ್ಲಿ ತೆಗೆದುಹಾಕಿತು. ಅದಾದಮೇಲೆ ಬಾಡಿಗೆ ಯಾಕೆ ಕಟ್ಟಬೇಕು?

ಮಗಳ ಮನೆಗೆ ಅಂತ ಅಮೆರಿಕಕ್ಕೆ ಹೋಗಿದ್ದಾಗ ಇಂಥ ಒಂದು ಕೇಂದ್ರದೊಳಗೆ ಹೋಗಿ ಬಂದೆ. ಅಳಿಯಂದಿರು ಗ್ರ್ಯಾಂಡ್ ಕ್ಯಾನ್ಯನ್ ನೋಡೋಣ ಅಂದರೆ ನಾನು ಟವರ್ ತೋರಿಸಿ ಅಂದೆ, ಮನೆಯಲ್ಲಿ ಅದನ್ನು ಇವತ್ತಿಗೂ ಆಡಿಕೊಂಡು ನಗುತ್ತಾರೆ. ಜೋಳದ ಹೊಲದ ನಡುವೆ ಒಂದು ಸಿಮೆಂಟ್ ಇಟ್ಟಿಗೆಯ ಕೋಣೆ. ಬೀಗ ತೆಗೆದವನು ಒಬ್ಬ ಇಂಜಿನಿಯರ್, ಅವನು ಸುತ್ತಮುತ್ತಲಿನ ಹತ್ತಾರು ಕೇಂದ್ರಗಳನ್ನು ಒಬ್ಬನೇ ಒಂದು ಪಿಕಪ್ ಗಾಡಿಯಲ್ಲಿ ಓಡಾಡಿ ನೋಡಿಕೊಳ್ಳುತ್ತಾನೆ. ಮೂಲೆಯಲ್ಲಿ ಫ್ರಿಜ್ಜಿನಷ್ಟು ಎತ್ತರದ ಟ್ರಾನ್ಸ್‌ಮಿಟರ್, ಫ್ಯಾನಿನ ಸದ್ದು. ಪಕ್ಕದ ರ‍್ಯಾಕಿನಲ್ಲಿ ಸ್ಯಾಟಲೈಟ್ ರಿಸೀವರ್, ಒಂದು ಕಂಪ್ಯೂಟರು. ಇಡೀ ‘ಕೇಂದ್ರ’ ಅಂದರೆ ಅಷ್ಟೇ. ಇನ್ನೊಂದು ಕೋಣೆಯಲ್ಲಿ ಮೈಕು ಹಾಗೇ ಸ್ಟ್ಯಾಂಡಿನಲ್ಲಿತ್ತು, ಸ್ಪಂಜಿನ ಮೇಲೆ ಧೂಳು, ಗೋಡೆಯಲ್ಲಿ ಪಶು ಆಹಾರದ ಅಂಗಡಿಯ ಕ್ಯಾಲೆಂಡರು, ಅದೂ ಎಷ್ಟೋ ವರ್ಷದ ಹಿಂದಿನದು.

ಹೊರಗೆ ಬಂದಮೇಲೆ ನನಗೆ ಮನೆಗೆ ಬಂದ ಹಾಗಾಯಿತು. ಎಎಂ ಟವರ್ ಬೇರೆ ಟವರ್‌ಗಳ ಹಾಗಲ್ಲ, ಅದರ ಮೇಲೆ ಆಂಟೆನಾ ಕಟ್ಟಿರೋದಿಲ್ಲ, ಇಡೀ ಕಂಬವೇ ಆಂಟೆನಾ. ಬುಡದಲ್ಲಿ ಒಂದು ಪಿಂಗಾಣಿ ಇನ್ಸುಲೇಟರ್ ಮೇಲೆ ಅಷ್ಟೂ ಭಾರ ನಿಂತಿರುತ್ತೆ. ಪಕ್ಕದಲ್ಲಿ ಎರಡು ಲೋಹದ ಗುಂಡು, ನಡುವೆ ಸ್ವಲ್ಪ ಜಾಗ, ಸಿಡಿಲು ಬಂದರೆ ಅಲ್ಲಿ ಹಾರಿ ಭೂಮಿಗೆ ಹೋಗಲಿ ಅಂತ. ಹಕ್ಕಿ ಕೂತರೆ ಏನೂ ಆಗದು, ನೆಲದ ಮೇಲೆ ನಿಂತು ಮನುಷ್ಯ ಕೈ ಇಟ್ಟರೆ ಸುಟ್ಟುಹೋಗುತ್ತಾನೆ. ದೊಡ್ಡ ಟ್ರಾನ್ಸ್‌ಮಿಟರ್ ಹತ್ತಿರ ರಾತ್ರಿ ಹೊತ್ತು ಬರೀ ಟ್ಯೂಬ್‌ಲೈಟನ್ನು ಕೈಯಲ್ಲಿ ಹಿಡಿದರೆ ಅದು ತಾನಾಗೇ ಬೆಳಗುತ್ತೆ, ಹೊಸದಾಗಿ ಕೆಲಸಕ್ಕೆ ಬಂದ ಹುಡುಗರಿಗೆ ನಾವು ತೋರಿಸುತ್ತಿದ್ದ ಮೊದಲ ಮ್ಯಾಜಿಕ್ ಅದು.

ಅಸಲಿ ಆಸ್ತಿ ಕಾಣಿಸೋದೇ ಇಲ್ಲ, ಹುಲ್ಲಿನ ಕೆಳಗಿರುತ್ತೆ. ಕಂಬದ ಬುಡದಿಂದ ಸುತ್ತಲೂ, ಗಾಡಿ ಚಕ್ರದ ಅರೆಕಾಲಿನ ಹಾಗೆ, 120 ತಾಮ್ರದ ತಂತಿ ಹೂತಿರುತ್ತಾರೆ. 1000 ಕಿಲೋಹರ್ಟ್ಸ್ ಕೇಂದ್ರ ಆದರೆ ಒಂದೊಂದು ತಂತಿ 75 ಮೀಟರ್. ಲೆಕ್ಕ ಹಾಕಿ, 9 ಕಿಲೋಮೀಟರ್ ತಾಮ್ರ! ಅದಕ್ಕೇ ಕಳ್ಳರ ಕಣ್ಣು. ಅದಕ್ಕೇ ಒಂದು ಸಣ್ಣ ಎಎಂ ಕೇಂದ್ರಕ್ಕೂ ಎಕರೆಗಟ್ಟಲೆ ಖಾಲಿ ಜಾಗ ಬೇಕು. ಈ ಟವರ್ ಜಾಗಗಳನ್ನು ಊರ ಹೊರಗೆ ಅಂತ ಕೊಂಡಿದ್ದರು, ಈಗ ಊರೇ ಬಂದು ಸುತ್ತುಕೊಂಡಿದೆ. ವಾಷಿಂಗ್ಟನ್ ಹತ್ತಿರ ಬೆಥೆಸ್ಡಾದಲ್ಲಿ ಡಬ್ಲ್ಯುಎಂಎಎಲ್ ಅನ್ನೋ ಎಎಂ ಕೇಂದ್ರದ 75 ಎಕರೆ ಟವರ್ ಜಾಗ 7 ಕೋಟಿ ಡಾಲರಿಗೂ ಜಾಸ್ತಿಗೆ ಮನೆ ಕಟ್ಟೋರ ಪಾಲಾಯಿತು. ಅಂಥ ಕಡೆ ಎಷ್ಟು ವರ್ಷ ಜಾಹೀರಾತು ಮಾರಿದರೂ ಅಷ್ಟು ದುಡ್ಡು ಕಾಣೋಕಾಗಲ್ಲ. ನಿಮ್ಮ ಊರಿನಲ್ಲಿ ಆ ಭಯ ಕಡಿಮೆ, ಅಲ್ಲಿ ಗೋಧಿ ಹೊಲಕ್ಕೆ ಅಷ್ಟು ರೇಟಿಲ್ಲ.

ರಾತ್ರಿ ಕೇಳಿಸದಿರೋದಕ್ಕೆ ಮಾಲೀಕನನ್ನು ಬೈಯಬೇಡಿ, ಅದು ಆಕಾಶದ ಕೆಲಸ. ಹಗಲು ಮೀಡಿಯಂ ವೇವ್ ನೆಲ ಹಿಡಿದು ಹೋಗುತ್ತೆ. ಸೂರ್ಯ ಮುಳುಗಿದ ಮೇಲೆ ವಾತಾವರಣದ ಮೇಲಿನ ಒಂದು ಪದರ ಕರಗಿ, ಅಲೆ ಇನ್ನೂ ಮೇಲಕ್ಕೆ ಹೋಗಿ ಬಡಿದು ನೂರಾರು ಮೈಲಿ ಆಚೆ ಬೀಳುತ್ತೆ. ನೀವು ಇಲ್ಲಿದ್ದಾಗ ರಾತ್ರಿ ಹೊತ್ತು ರೇಡಿಯೋ ಮುಳ್ಳು ತಿರುಗಿಸಿದರೆ ಎಲ್ಲೆಲ್ಲಿಯದೋ ತಮಿಳು, ಸಿಂಹಳ ಇಣುಕುತ್ತಿರಲಿಲ್ಲವಾ, ಅದೇ. ಒಬ್ಬರ ಮೇಲೊಬ್ಬರು ಬೀಳದಿರಲಿ ಅಂತ ಎಫ್‌ಸಿಸಿ ಸಣ್ಣ ಕೇಂದ್ರಗಳಿಗೆ ಸಂಜೆ ಶಕ್ತಿ ಇಳಿಸಿ ಅನ್ನುತ್ತೆ, ಕೆಲವಕ್ಕೆ ಬಂದೇ ಮಾಡಿ ಅನ್ನುತ್ತೆ. 1230, 1240, 1340, 1400, 1450, 1490 ಕಿಲೋಹರ್ಟ್ಸ್, ಈ ಆರು ಜಾಗದಲ್ಲಿರುವ ಸಣ್ಣ ಕೇಂದ್ರಗಳು ಹಗಲೂ ರಾತ್ರಿ 1,000 ವ್ಯಾಟ್ ಬಿಡಬಹುದು. ಆದರೆ ಪ್ರತಿಯೊಂದರಲ್ಲೂ ನೂರಕ್ಕೂ ಜಾಸ್ತಿ ಕೇಂದ್ರ ತುಂಬಿರೋದರಿಂದ ರಾತ್ರಿ ಸಂತೆಯ ಗದ್ದಲ. ಅಲ್ಲಿನವರು ಅವುಗಳನ್ನು ‘ಸ್ಮಶಾನದ ಚಾನೆಲ್’ ಅಂತಲೇ ಕರೆಯುತ್ತಾರೆ.

ಹಾಗಾದರೆ ಇಂಥದ್ದನ್ನು ಯಾರು ಕೊಳ್ಳುತ್ತಾರೆ ಅಂದಿರಲ್ಲ. ಒಬ್ಬ ಧಾರ್ಮಿಕ ಸಂಸ್ಥೆಯವನು. ಅವನಿಗೆ ಜಾಹೀರಾತು ಬೇಡ, ಕಾಣಿಕೆ ಸಾಕು, ಕಾರ್ಯಕ್ರಮ ಎಲ್ಲೋ ತಯಾರಾಗಿ ಸ್ಯಾಟಲೈಟಿನಲ್ಲಿ ಬರುತ್ತೆ. ನಿಮ್ಮ ಈಗಿನ ಮಾಲೀಕ ಬಹುಶಃ ಇದೇ ಜಾತಿ. ಇನ್ನೊಬ್ಬ ಸ್ಪ್ಯಾನಿಷ್ ಕೇಂದ್ರ ನಡೆಸೋನು, ಮಾಂಸದ ಫ್ಯಾಕ್ಟರಿ ಇರುವ ಕಾನ್ಸಾಸ್ ಊರುಗಳಲ್ಲಿ ಅವನಿಗೆ ಕೇಳುಗರಿದ್ದಾರೆ. ಮತ್ತೊಬ್ಬ ಇದ್ದಾನೆ, ಅವನಿಗೆ ಎಎಂ ಬೇಕೇ ಇಲ್ಲ. 2009ರಿಂದ ಎಎಂ ಕೇಂದ್ರಗಳು 250 ವ್ಯಾಟಿನ ಒಂದು ಪುಟ್ಟ ಎಫ್‌ಎಂ ಮರುಪ್ರಸಾರ ಯಂತ್ರ ಇಟ್ಟುಕೊಳ್ಳಬಹುದು. ಎಎಂ ಬಂದಾದರೆ ಎಫ್‌ಎಂ ಬಾಲವೂ ಬಂದಾಗಬೇಕು. ಹಾಗಾಗಿ ಎಫ್‌ಎಂಗೋಸ್ಕರ ಎಎಂ ಅನ್ನು ಜೀವ ಹಿಡಿಸಿ ಇಟ್ಟಿರುತ್ತಾನೆ, ಬಾಲಕ್ಕಾಗಿ ಎಮ್ಮೆ ಸಾಕಿದ ಹಾಗೆ. ನಿಮ್ಮ ಕೇಂದ್ರದ ಹೆಸರು ಹೇಳುವಾಗ ಎಫ್‌ಎಂ ನಂಬರು ಜೋರಾಗಿ, ಎಎಂ ನಂಬರು ಗೊಣಗಿದ ಹಾಗೆ ಬಂದರೆ ಅವನೇ ಅಂತ ತಿಳಿಯಿರಿ. ರೇಟೂ ಬಿದ್ದಿದೆ. ಐವತ್ತು ಸಾವಿರ, ಒಂದು ಲಕ್ಷ ಡಾಲರಿಗೆ ಕೈ ಬದಲಾದ ಸಣ್ಣ ಊರಿನ ಕೇಂದ್ರಗಳು ಬೇಕಾದಷ್ಟಿವೆ. ಬೆಂಗಳೂರಿನಲ್ಲಿ ಆ ದುಡ್ಡಿಗೆ ಒಳ್ಳೆ ಫ್ಲ್ಯಾಟ್ ಸಿಗೋದು ಕಷ್ಟ.

ಈಗ ನಿಮ್ಮ ತಮಾಷೆಗೆ ಬರೋಣ. ನೀವು ಕೆಲಸದ ವೀಸಾದಲ್ಲಿದ್ದರೆ ನಿಮ್ಮ ಹೆಸರಿಗೆ ಪ್ರಸಾರದ ಲೈಸೆನ್ಸ್ ಸಿಗೋದಿಲ್ಲ, ಕಾನೂನೇ ಹಾಗಿದೆ, ವಿದೇಶಿಯರಿಗೆ ಕೊಡೋ ಹಾಗಿಲ್ಲ. ನಾಲ್ಕು ಜನರಲ್ಲಿ ಯಾರಾದರೂ ಅಲ್ಲಿನ ಪೌರರಾಗಿದ್ದರೆ ದಾರಿ ಇದೆ. ಆದರೂ ನಾನು ಕೊಳ್ಳಿ ಅನ್ನೋದಿಲ್ಲ. ಟವರ್ ದೀಪ ಆರಿದರೆ, ಬೇಲಿ ಮುರಿದರೆ, ಯಾರೋ ತಾಮ್ರ ಕಿತ್ತುಕೊಂಡು ಹೋದರೆ ಹೊಣೆ ನಿಮ್ಮದು. ಹಾಡಿಗೆ ರಾಯಲ್ಟಿ ಕಟ್ಟಬೇಕು. ಅದರ ಬದಲು ಹೊತ್ತು ಕೊಳ್ಳಿ. ಶನಿವಾರ ಬೆಳಿಗ್ಗೆ ಒಂದು ಗಂಟೆ ನಮಗೆ ಕೊಡಿ, ಇಷ್ಟು ಡಾಲರ್ ತಗೊಳ್ಳಿ ಅಂತ ಮಾಲೀಕನ ಹತ್ತಿರ ಒಪ್ಪಂದ. ಅಮೆರಿಕದಲ್ಲಿ ಬೇರೆ ಭಾಷೆಯ ಎಷ್ಟೋ ರೇಡಿಯೋ ಕಾರ್ಯಕ್ರಮಗಳು ಶುರುವಾದದ್ದು ಹೀಗೇ ವಾರಕ್ಕೊಂದು ಗಂಟೆಯಿಂದ. ಆಮೇಲೆ ದೊಡ್ಡದಾದದ್ದೂ ಇದೆ: ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯ ಕೆಎಲ್‌ಒಕೆ, 1170 ಕಿಲೋಹರ್ಟ್ಸ್, 1946ರಲ್ಲಿ ಶುರುವಾದಾಗ ಆ ಕಣಿವೆಯಲ್ಲಿ ಹಣ್ಣಿನ ತೋಟ ಇತ್ತು, ಕಂಪ್ಯೂಟರ್ ಇರಲಿಲ್ಲ. ಇಂಗ್ಲಿಷ್ ಹಾಡು ಹಾಕುತ್ತಿದ್ದದ್ದು ಮುಂದೆ ಸ್ಪ್ಯಾನಿಷ್ ಆಯಿತು, 2009ರಲ್ಲಿ ಮಾಲೀಕ ಬದಲಾಗಿ ಹಿಂದಿ ಹಾಡಿನ ದೇಸಿ ಕೇಂದ್ರ ಆಯಿತು. ಆಫೀಸಿಗೆ ಹೋಗೋ ಬರೋ ದಾರಿಯಲ್ಲಿ ನಮ್ಮ ಎಷ್ಟೋ ಹುಡುಗರು ಕೇಳಿದ್ದು ಅದನ್ನೇ. ತೋಟ ಹೋಗಿ ಯಾರು ಬಂದರು ಅಂತ ಆ ಒಂದು ಫ್ರೀಕ್ವೆನ್ಸಿ ಹೇಳುತ್ತೆ.

ಮಾಲೀಕ ಯಾರು ಅಂತ ಹುಡುಕೋದು ಸುಲಭ. ಗಂಟೆ ಮುಗಿಯುವ ಹೊತ್ತಿಗೆ, ಹೆಚ್ಚುಕಮ್ಮಿ ಸೊನ್ನೆ ನಿಮಿಷಕ್ಕೆ, ಕಿವಿಗೊಡಿ. ಕರೆಯಕ್ಷರ ಮತ್ತು ಲೈಸೆನ್ಸಿನ ಊರು ಎರಡನ್ನೂ ಒಟ್ಟಿಗೆ ಹೇಳಲೇಬೇಕು. ಪ್ರವಚನ ಎಲ್ಲಿಂದಲೇ ಬರಲಿ, ಆ ಒಂದು ಸಾಲಿನಲ್ಲಿ ನಿಮ್ಮ ಊರಿನ ಹೆಸರು ಇರಲೇಬೇಕು. ಆ ಅಕ್ಷರಗಳನ್ನು ಎಫ್‌ಸಿಸಿಯ ಸಾರ್ವಜನಿಕ ಕಡತದಲ್ಲಿ ಹಾಕಿದರೆ ಮಾಲೀಕರ ಹೆಸರು, ಹಿಂದಿನ ಮಾರಾಟದ ಅರ್ಜಿ, ಒಪ್ಪಂದದಲ್ಲಿ ಬರೆದ ಬೆಲೆ ಎಲ್ಲ ಸಿಗುತ್ತೆ, ದುಡ್ಡು ಕೊಡಬೇಕಾಗಿಲ್ಲ. ಮುಂದಿನ ಸಲ ಮಾರಾಟಕ್ಕೆ ಬಂದರೆ ಆಕ್ಷೇಪ ಹಾಕೋಕೆ ಸಾರ್ವಜನಿಕರಿಗೆ 30 ದಿನ ಸಮಯ ಇರುತ್ತೆ. ಲೈಸೆನ್ಸ್ ನವೀಕರಣ 8 ವರ್ಷಕ್ಕೊಮ್ಮೆ. ಹಾಡು ಬದಲಾಯಿಸಿದರು ಅನ್ನೋ ದೂರು ನಡೆಯೋದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಇನ್ನೊಂದು ಲಕ್ಷಣ ಗಮನಿಸಿ. ಒಂದು ದಿನ ಪ್ರವಚನ ನಿಂತು ಒಂದೇ ಹಾಡು ದಿನವಿಡೀ ತಿರುಗುತ್ತಿದ್ದರೆ, ಅಥವಾ ಜೂನ್ ತಿಂಗಳಲ್ಲಿ ಕ್ರಿಸ್‌ಮಸ್ ಹಾಡು ಬಂದರೆ, ಯಂತ್ರ ಕೆಟ್ಟಿದೆ ಅಂದುಕೊಳ್ಳಬೇಡಿ, ಹೊಸ ಫಾರ್ಮ್ಯಾಟ್ ಬರುವ ಮುಂಚೆ ಜನರ ಗಮನ ಸೆಳೆಯೋಕೆ ಹಾಗೆ ಮಾಡುತ್ತಾರೆ. ಪೂರ್ತಿ ಮೌನ ಆದರೆ ಆ ತಾರೀಕು ಬರೆದಿಟ್ಟುಕೊಳ್ಳಿ. ಸತತ 12 ತಿಂಗಳು ಪ್ರಸಾರ ಇಲ್ಲದಿದ್ದರೆ ಲೈಸೆನ್ಸ್ ತಾನಾಗೇ ಸಾಯುತ್ತೆ. ಹಾಗಾಗಿ ಹನ್ನೊಂದನೇ ತಿಂಗಳಿನಲ್ಲಿ ಯಾರೋ ಒಬ್ಬ ಪಿಕಪ್ ಗಾಡಿಯಲ್ಲಿ ಬಂದು, ಬೀಗ ತೆಗೆದು, ಸ್ವಿಚ್ ಹಾಕಿ, ಎರಡು ದಿನ ಏನೋ ಒಂದು ಹಾಡು ಬಿಟ್ಟು ಹೋಗುತ್ತಾನೆ. ಅವನು ಸಿಕ್ಕರೆ ಬಿಡಬೇಡಿ, ಶನಿವಾರದ ಒಂದು ಗಂಟೆಗೆ ಎಷ್ಟು ಅಂತ ಅಲ್ಲೇ ಕೇಳಿ.